ಸೆಕೆಂಡಿನ ಲೆಕ್ಕ ಸಾಲದು

ಕಾರಿನ ಯೋಗ್ಯತೆಯನ್ನು ಸೊನ್ನೆಯಿಂದ ನೂರಕ್ಕೆ ಏರುವ ಸೆಕೆಂಡುಗಳಲ್ಲೇ ಅಳೆಯಬೇಕು, ದೂರ ಪ್ರಯಾಣಕ್ಕೆಂದೇ ರೂಪಿಸಿದ ಜಿಟಿ, ಅಂದರೆ ಗ್ರ್ಯಾಂಡ್ ಟೂರರ್‌ಗಳು ಸ್ಪೋರ್ಟ್ಸ್ ಕಾರಿನ ಮುಂದೆ ಬರೀ ಸೋಫಾ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪಿತ್ತಿದ್ದಾರೆ. ಈ ತೀರ್ಪು ರಸ್ತೆಯನ್ನೇ ಮರೆತಿದೆ.

ಬೆಳಗಾವಿಯಿಂದ ಮಹಾರಾಷ್ಟ್ರದ ಜೇಜುರಿಗೆ ಹೊರಡುವವರನ್ನು ನೋಡಿ. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬಾ. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಕುಲದೈವ. ಕೊಲ್ಹಾಪುರ, ಸಾತಾರಾ ದಾಟಿ, ಶಿರವಳದಲ್ಲಿ ಹೆದ್ದಾರಿ ಬಿಟ್ಟು, ಲೋಣಂದ, ನೀರಾ ಹಾದು ಹೋದರೆ 300 ಕಿ.ಮೀ. ಮೀರಿದ ದಾರಿ. ನಾಲ್ಕು ಪಥದ ಹೆದ್ದಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ಮಿತಿ ಗಂಟೆಗೆ 100 ಕಿ.ಮೀ. ಅದನ್ನು ಮೀರಿ 120ರಲ್ಲಿ ಓಡಿಸಿದರೂ ನೂರು ಕಿ.ಮೀ.ಗೆ ಉಳಿಯುವುದು 10 ನಿಮಿಷ. ಬ್ರೇಕ್ ಅರಗಿಸಬೇಕಾದ ಚಲನಶಕ್ತಿ ಮಾತ್ರ ಶೇ 44ರಷ್ಟು ಹೆಚ್ಚುತ್ತದೆ.

ಸ್ಪೋರ್ಟ್ಸ್ ಕಾರಿನ ಬಿಗಿ ಸ್ಪ್ರಿಂಗು, ತೆಳು ಟೈರು, ನೆಲಕ್ಕಂಟಿದ ಒಡಲು ರೇಸ್ ಟ್ರ್ಯಾಕಿನ ತಿರುವಿಗೆ ವರ. ಊರೂರಿನ ರಸ್ತೆಯುಬ್ಬುಗಳಲ್ಲಿ ಅವೇ ಬೆನ್ನಿಗೆ ಶಿಕ್ಷೆ. ದಣಿದ ಚಾಲಕನ ಪ್ರತಿಕ್ರಿಯೆ ನಿಧಾನವಾಗುತ್ತದೆ. ಹಾಗಾಗಿ ಆರಾಮ ಎಂಬುದು ಸುರಕ್ಷತೆಯ ಭಾಗ.

ಇತಿಹಾಸವೂ ಲೇಖಕರ ಪರ ಇಲ್ಲ. ಇಟಲಿಯ ರಸ್ತೆಗಳಲ್ಲೇ ನಡೆದ 1951ರ ಮಿಲ್ಲೆ ಮಿಲ್ಯಾ ರೇಸಿನಲ್ಲಿ ಗೆದ್ದದ್ದು 4.1 ಲೀಟರ್ ಎಂಜಿನ್ನಿನ ಫೆರಾರಿ, ನಿಜ. ಅದರ ಹಿಂದೆಯೇ ಎರಡನೆಯದಾಗಿ ಬಂದದ್ದು ಕೇವಲ 2 ಲೀಟರಿನ ಲ್ಯಾನ್ಸಿಯಾ ಔರೇಲಿಯಾ ಜಿಟಿ.

ಟ್ರ್ಯಾಕಿನಲ್ಲಿ ಸ್ಪೋರ್ಟ್ಸ್ ಕಾರಿಗೆ ಎದುರಿಲ್ಲ, ಒಪ್ಪುತ್ತೇನೆ. ಆದರೆ ಮನೆಮಂದಿಯೊಡನೆ ದೂರ ಹೋಗುವವರಿಗೆ ಸೆಕೆಂಡುಗಳ ಆಸೆ ಹುಟ್ಟಿಸುವುದು ತಪ್ಪು ಸಲಹೆ, ಅದನ್ನು ಹಿಂತೆಗೆದುಕೊಳ್ಳಬೇಕು.