ಫಲ ಕಾಣದ ದಿನಗಳ ತಪಸ್ಸು

ಮೋಕ್ಷಮಾರ್ಗದಲ್ಲಿ ನಡೆಯುವವರು ಸಹಿಸಬೇಕಾದ 22 ಪರೀಷಹಗಳನ್ನು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಎಣಿಸಿ ಹೇಳುತ್ತದೆ. ಮೊದಲನೆಯದು ಕ್ಷುಧೆ, ಅಂದರೆ ಹಸಿವು. ಕೊನೆಯದು ಅದರ್ಶನ. ಹಸಿವು, ಬಾಯಾರಿಕೆ, ಚಳಿ, ಸೆಕೆ, ಸೊಳ್ಳೆಯ ಕಡಿತ ಇವುಗಳನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಅದರ್ಶನವನ್ನು ಮಾತ್ರ ಸ್ವಲ್ಪ ನಿಂತು ತಿಳಿಯಬೇಕು. ಬಹುಕಾಲ ತಪಸ್ಸು ಮಾಡಿಯೂ ವಿಶೇಷ ಜ್ಞಾನವಾಗಲಿ ಅತಿಶಯವಾಗಲಿ ಕಾಣಿಸದಿದ್ದಾಗ, ಈ ವ್ರತಗಳೆಲ್ಲ ವ್ಯರ್ಥವೋ ಏನೋ ಎಂಬ ಸಂಶಯ ಸಾಧಕನ ಮನಸ್ಸಿನಲ್ಲಿ ತಲೆಯೆತ್ತುತ್ತದೆ. ಆ ಸಂಶಯಕ್ಕೆ ಎಡೆಗೊಡದೆ ಮುಂದುವರಿಯುವುದೇ ಅದರ್ಶನ ಪರೀಷಹಜಯ. ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಇದನ್ನು ಹೀಗೆಯೇ ಬಿಡಿಸಿ ಹೇಳಿದ್ದಾರೆ.

ಮುನಿಗಳಿಗೆ ಹೇಳಿದ ಈ ಮಾತನ್ನು ಶ್ರಾವಕರ ಊಟದ ಎಲೆಯ ಬಳಿಗೆ ತರುವುದು ಸಲ್ಲದೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಈಚಿನ ವರ್ಷಗಳಲ್ಲಿ ಬಸದಿಯ ಸ್ವಾಧ್ಯಾಯ ಮುಗಿದ ಮೇಲೆ ಜಗಲಿಯಲ್ಲಿ ನಡೆಯುವ ಮಾತುಗಳಲ್ಲಿ ಅರ್ಧಪಾಲು ಮಧುಮೇಹದ್ದೇ ಆಗಿರುತ್ತದೆ. ಅಲ್ಲಿ ನಾನು ಪದೇ ಪದೇ ಕೇಳುವ ದೂರು ಹಸಿವಿನದಲ್ಲ, ಅದರ್ಶನದ್ದು.

ನನ್ನೊಡನೆ ಬಹಳ ವರ್ಷ ಪಾಠ ಮಾಡಿದ ಶ್ರಾವಕಿಯೊಬ್ಬರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ವೈದ್ಯರ ಸೂಚನೆಯಂತೆ ಅವರು ಅನ್ನವನ್ನು ಅರ್ಧಕ್ಕಿಳಿಸಿದರು, ಸಕ್ಕರೆ ಬೆಲ್ಲಗಳನ್ನು ಬಿಟ್ಟರು. ಮೂರು ತಿಂಗಳಲ್ಲಿ ಆರು ಕಿಲೋ ಇಳಿದರು. ಆಮೇಲೆ ಹತ್ತು ವಾರ ತೂಕದ ಮುಳ್ಳು ಕದಲಲೇ ಇಲ್ಲ. ಊಟ ಅದೇ, ನಡಿಗೆ ಅದೇ, ಮುಳ್ಳೂ ಅಲ್ಲೇ. ಒಂದು ದಿನ ಬೇಸರದಿಂದ ಹೇಳಿದರು: “ಸರ್, ಇನ್ನು ಇದೆಲ್ಲ ಸಾಕು. ಒಂದೋ ಮೊದಲಿನ ಹಾಗೆ ಊಟ ಮಾಡಿಬಿಡ್ತೀನಿ, ಇಲ್ಲದಿದ್ದರೆ ಪರ್ವದಲ್ಲಿ ಎಂಟು ದಿನ ಉಪವಾಸ ಕೂತುಬಿಡ್ತೀನಿ.”

ಎಲ್ಲವನ್ನೂ ಬಿಟ್ಟುಬಿಡುವುದು, ಇಲ್ಲವೇ ಅತಿಗೆ ಹೋಗುವುದು: ಈ ಎರಡು ಯೋಚನೆಗಳೂ ಹುಟ್ಟುವ ಬೇರು ಒಂದೇ. ಫಲ ಕಣ್ಣಿಗೆ ಕಾಣಬೇಕು, ಈಗಲೇ ಕಾಣಬೇಕು.

ಕರ್ಮಸಿದ್ಧಾಂತವು ಇಲ್ಲಿ ಒಂದು ಸೂಕ್ಷ್ಮವಾದ ಭೇದವನ್ನು ತೋರಿಸುತ್ತದೆ. ರೋಗವೂ 22 ಪರೀಷಹಗಳಲ್ಲಿ ಒಂದು. ಅದು ವೇದನೀಯ ಕರ್ಮದ ಉದಯದಿಂದ ಬರುತ್ತದೆ. ಅದರ್ಶನವು ಬರುವುದು ದರ್ಶನಮೋಹನೀಯದಿಂದ. ಅಂದರೆ ಕಾಯಿಲೆ ಒಂದು, ಕಾಯಿಲೆಯ ಕುರಿತ ಹತಾಶೆ ಮತ್ತೊಂದು. ಎರಡಕ್ಕೂ ಒಂದೇ ಮದ್ದು ಹಿಡಿಸದು. ಮೊದಲನೆಯದಕ್ಕೆ ಪಥ್ಯ, ಔಷಧ, ನಡಿಗೆ ಬೇಕು. ಎರಡನೆಯದಕ್ಕೆ ಬೇಕಾದದ್ದು ಸಮ್ಯಕ್ ದೃಷ್ಟಿ, ಇದ್ದದ್ದನ್ನು ಇದ್ದಂತೆ ನೋಡುವ ದೃಷ್ಟಿ.

ಇದ್ದದ್ದನ್ನು ಇದ್ದಂತೆ ನೋಡಿದರೆ ಶರೀರದ ಸ್ವಭಾವ ತಿಳಿಯುತ್ತದೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಎಂಬ ಪಿಷ್ಟದ ದಾಸ್ತಾನು ಇರುತ್ತದೆ. ಅದರ ಪ್ರತಿ ಗ್ರಾಮಿನೊಡನೆ ಸುಮಾರು ಮೂರು ಗ್ರಾಂ ನೀರು ಸೇರಿರುತ್ತದೆ. ಪಥ್ಯ ಹಿಡಿದ ಮೊದಲ ವಾರಗಳಲ್ಲಿ ಈ ದಾಸ್ತಾನು ಕರಗಿ ನೀರು ಹೊರಹೋಗುವುದರಿಂದ ತೂಕ ಭರದಿಂದ ಇಳಿಯುತ್ತದೆ. ನಾವು ಅದನ್ನೇ ಸಹಜವಾದ ವೇಗವೆಂದು ತಿಳಿಯುತ್ತೇವೆ. ಮುಂದೆ ಕೊಬ್ಬು ಕರಗುವ ವೇಗ ನಿಧಾನ. ಜೊತೆಗೆ, ಹಗುರಾದ ಶರೀರಕ್ಕೆ ಬೇಕಾಗುವ ಆಹಾರವೂ ಕಡಿಮೆ. 78 ಕಿಲೋ ಇದ್ದಾಗ ಕಡಿಮೆ ಎನಿಸಿದ ಊಟ 72 ಕಿಲೋಗೆ ಸರಿಸಮ ಆಗಿಬಿಡಬಹುದು. ಆಹಾರ ಕಡಿಮೆಯಾದದ್ದನ್ನು ಅರಿತ ಶರೀರವು ತನ್ನ ಖರ್ಚನ್ನೂ ಸ್ವಲ್ಪ ಬಿಗಿಹಿಡಿಯುತ್ತದೆ. ಇದು ಶರೀರಧರ್ಮ. ಮುಳ್ಳು ನಿಂತಿದ್ದಕ್ಕೆ ಪೂರ್ವಜನ್ಮದ ಪಾಪವನ್ನು ಹುಡುಕಹೊರಡುವ ಹಿರಿಯರನ್ನು ಕಂಡಿದ್ದೇನೆ. ಮೊದಲು ಅಡುಗೆಮನೆಯನ್ನು ಹುಡುಕುವುದು ಮೇಲು.

ಅಡುಗೆಮನೆಯನ್ನು ಹುಡುಕುವ ಕ್ರಮವನ್ನೂ ನಮ್ಮ ಆಚಾರ್ಯರೇ ಕಲಿಸಿದ್ದಾರೆ. ವ್ರತಭಂಗ ಬೇರೆ, ಅತಿಚಾರ ಬೇರೆ. ಭಂಗವಾದರೆ ವ್ರತವೇ ಹೋಯಿತು. ಅತಿಚಾರವೆಂದರೆ ವ್ರತ ಉಳಿದಿದ್ದು, ಅದರ ಅಂಚಿನಲ್ಲಿ ಆಗುವ ಸವೆತ. ಪಥ್ಯಕ್ಕೂ ಇದು ಹೊಂದುತ್ತದೆ. ನಾಲ್ಕು ತಿಂಗಳಾದ ಮೇಲೆ ಯಾರೂ ಒಂದು ಬಟ್ಟಲು ಪಾಯಸ ಕುಡಿಯುವುದಿಲ್ಲ. ಆದರೆ ಸೌಟು ಸ್ವಲ್ಪ ತುಂಬಿ ಬರುತ್ತದೆ. ಸಾರಿನ ಮೇಲಿನ ತುಪ್ಪ ಚಿಕ್ಕ ಚಮಚದಿಂದ ದೊಡ್ಡ ಚಮಚಕ್ಕೆ ಏರುತ್ತದೆ. ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 120 ಕ್ಯಾಲೊರಿ. ಒಳ್ಳೆಯದೆಂದು ತಿನ್ನುವ ಒಂದು ಹಿಡಿ ಗೋಡಂಬಿಯಲ್ಲಿ 160ರಷ್ಟು. ರಾಗಿ ಮಧುಮೇಹಕ್ಕೆ ಹಿತವೆಂದು ಮುದ್ದೆಯ ಗಾತ್ರ ಬೆಳೆಯುತ್ತದೆ. ರಾಗಿಯೂ ಧಾನ್ಯವೇ, ಅದರಲ್ಲಿಯೂ ಪಿಷ್ಟವೇ ಹೆಚ್ಚು ಎಂಬುದು ಮರೆತುಹೋಗುತ್ತದೆ. ನಾವು ಆಲೂಗೆಡ್ಡೆ, ಗೆಣಸುಗಳನ್ನು ಮುಟ್ಟುವುದಿಲ್ಲ, ನಿಜ. ಆದರೆ ಬಾಳೆಕಾಯಿ ಪಲ್ಯ, ಅವಲಕ್ಕಿ, ಸಬ್ಬಕ್ಕಿಗಳು ಆ ಜಾಗವನ್ನು ಸದ್ದಿಲ್ಲದೆ ತುಂಬಿರುತ್ತವೆ. ರಾತ್ರಿಭೋಜನ ತ್ಯಾಗ ಮಧುಮೇಹಿಗಳಿಗೆ ದೊಡ್ಡ ಆಸರೆ. ಆದರೆ ನಾಲ್ಕು ಗಂಟೆಗೆ ತಿಂಡಿ ತಿಂದು, ಸೂರ್ಯ ಮುಳುಗುತ್ತಾನೆಂಬ ಅವಸರದಲ್ಲಿ ಆರಕ್ಕೆ ತುಂಬು ಊಟ ಮಾಡಿದರೆ ಆ ಆಸರೆ ಅರ್ಧ ಜಾರಿತೆಂದೇ ಲೆಕ್ಕ.

ದಿನದ ಕೊನೆಗೆ ನಡೆನುಡಿಗಳನ್ನು ಪರಿಶೀಲಿಸುವ ಪ್ರತಿಕ್ರಮಣ ನಮಗೆ ಹೊಸದಲ್ಲ. ತಿಂದುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆದಿಡುವುದು ಆ ಅಭ್ಯಾಸದ ಕಿರುರೂಪವೇ. ಬರೆಯುವಾಗ ತನ್ನನ್ನು ತಾನು ಬೈದುಕೊಳ್ಳಬಾರದು. ಪ್ರತಿಕ್ರಮಣವು ಹಿಂದಿರುಗುವ ದಾರಿಯೇ ಹೊರತು ಛಡಿಯೇಟಲ್ಲ.

ಬಾಹ್ಯ ತಪಗಳು ಆರು. ಅನಶನ ಮೊದಲನೆಯದು, ಅವಮೌದರ್ಯ ಎರಡನೆಯದು. ನಮ್ಮ ಸಮಾಜದಲ್ಲಿ ಮೆರವಣಿಗೆ, ಸನ್ಮಾನಗಳೆಲ್ಲ ಮೊದಲನೆಯದಕ್ಕೆ. ಎಂಟು ದಿನ ಉಪವಾಸ ಮಾಡಿದವರಿಗೆ ಹಾರ ಹಾಕುತ್ತೇವೆ. ಎಂಟು ತಿಂಗಳು ಪ್ರತಿ ಊಟದಲ್ಲಿ ನಾಲ್ಕು ತುತ್ತು ಕಡಿಮೆ ಉಂಡವರನ್ನು ಯಾರೂ ಗಮನಿಸುವುದಿಲ್ಲ. ಪುರುಷನಿಗೆ 32 ತುತ್ತು, ಸ್ತ್ರೀಗೆ 28 ತುತ್ತು ಪೂರ್ಣಾಹಾರ, ಅದರಲ್ಲಿ ಒಂದು ತುತ್ತು ತಗ್ಗಿದರೂ ಅವಮೌದರ್ಯವೇ ಎಂಬುದು ಶಾಸ್ತ್ರದ ಅಳತೆ. ನನ್ನ ಅಭಿಪ್ರಾಯದಲ್ಲಿ ಇದು ಅನಶನಕ್ಕಿಂತ ಕಠಿಣ. ಉಪವಾಸದ ದಿನ ಎಲೆಯ ಮುಂದೆ ಕೂರುವ ಪ್ರಮೇಯವೇ ಇಲ್ಲ. ಅವಮೌದರ್ಯದಲ್ಲಿ ಎಲೆ ಮುಂದಿದೆ, ಹಸಿವೂ ಇದೆ, ಕೈ ಮಾತ್ರ ನಿಲ್ಲಬೇಕು. ಮುಳ್ಳು ನಿಂತ ದಿನಗಳಿಗೆ ಬೇಕಾದ ತಪಸ್ಸು ಇದು. ಅನ್ನ ಅಥವಾ ಮುದ್ದೆಯಲ್ಲಿ ಇನ್ನೂ ನಾಲ್ಕು ತುತ್ತು ತಗ್ಗಿಸಿ, ಆ ಜಾಗಕ್ಕೆ ಹೀರೇಕಾಯಿ, ತೊಂಡೆಕಾಯಿಗಳ ಪಲ್ಯವನ್ನೂ ಹೆಸರುಕಾಳು, ಕಡಲೆಕಾಳುಗಳನ್ನೂ ತರಬೇಕು. ಕಾಳುಗಳ ವಿಷಯವನ್ನು ಒತ್ತಿ ಹೇಳಲು ಕಾರಣವಿದೆ. ತೂಕ ಇಳಿಯುವಾಗ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ, ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರುವುದು ಸ್ನಾಯುವೇ. ಆದ್ದರಿಂದ ಊಟದ ನಂತರ ಹತ್ತು ಹದಿನೈದು ನಿಮಿಷದ ನಡಿಗೆಯ ಜೊತೆಗೆ, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವಂತಹ, ಸ್ನಾಯುಗಳಿಗೆ ಬಲ ಕೊಡುವ ಸರಳ ವ್ಯಾಯಾಮಗಳೂ ಬೇಕು.

ಬಡಿಸುವವರ ಕುರಿತು ಒಂದು ಮಾತು. ಮಧುಮೇಹವಿದೆಯೆಂದು ತಿಳಿದೂ “ಒಂದೇ ಹೋಳಿಗೆ, ಏನೂ ಆಗೋದಿಲ್ಲ” ಎಂದು ಎಲೆಗೆ ಹಾಕುವ ಉಪಚಾರಕ್ಕೆ ವಾತ್ಸಲ್ಯವೆಂಬ ಹೆಸರು ಹೊಂದುವುದಿಲ್ಲ. ವ್ರತಿಯ ನಿಯಮವನ್ನು ಕೇಳಿ ತಿಳಿದು ಬಡಿಸುವ ಸಂಸ್ಕಾರವನ್ನು ನಾವು ತ್ಯಾಗಿಗಳಿಗಷ್ಟೇ ಮೀಸಲಿಟ್ಟಿದ್ದೇವೆ.

ಇನ್ನು ದೀರ್ಘ ಉಪವಾಸದ ಆಲೋಚನೆ. ಷೋಡಶಕಾರಣ ಭಾವನೆಗಳಲ್ಲಿ ತಪವನ್ನು ಹೇಳುವಾಗ ಶಕ್ತಿತಸ್ತಪ ಎಂದಿದ್ದಾರೆ, ಶಕ್ತಿಗೆ ತಕ್ಕ ತಪ. ಗ್ಲಿಮೆಪಿರೈಡ್‌ನಂತಹ ಗುಳಿಗೆ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಎಂದಿನ ಔಷಧ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವಿಕೆ ಬರಬಹುದು. ತಾವೇ ಔಷಧ ನಿಲ್ಲಿಸಿದರೂ ಅಪಾಯವೇ. ವೈದ್ಯರನ್ನು ಕೇಳದೆ ಅಂತಹವರು ಉಪವಾಸ ಕೂರುವುದನ್ನು ನಾನು ತಪಸ್ಸೆಂದು ಒಪ್ಪಲಾರೆ. ದಶಲಕ್ಷಣ ಪರ್ವದ ಏಳನೆಯ ದಿನ ಉತ್ತಮ ತಪವನ್ನು ಕುರಿತು ಪ್ರವಚನ ಮಾಡುವವರು ಈ ಮಾತನ್ನೂ ಸೇರಿಸಿದರೆ ಉಪಕಾರವಾದೀತು. ಮೇಲಾಗಿ, ತೂಕ ಇಳಿಯಲೆಂದೇ ಉಪವಾಸ ಹಿಡಿದರೆ ಫಲದ ಆಸೆಯಾದ ನಿದಾನವೆಂಬ ಶಲ್ಯ ಅದರೊಳಗೇ ಚುಚ್ಚಿಕೊಂಡಿರುತ್ತದೆ.

ಫಲ ಕಾಣದಿರುವುದೂ ಫಲ ಇಲ್ಲದಿರುವುದೂ ಒಂದೇ ಅಲ್ಲ. ನಿರ್ಜರೆಯನ್ನು ಕಣ್ಣಿನಿಂದ ಕಂಡವರು ಯಾರು? ಮಧುಮೇಹಿಯ ಪಾಲಿಗೆ ತೂಕದ ಯಂತ್ರವು ಅನೇಕ ಸಾಕ್ಷಿಗಳಲ್ಲಿ ಒಂದು ಮಾತ್ರ. ಸೊಂಟದ ಸುತ್ತಳತೆ ಇನ್ನೊಂದು ಸಾಕ್ಷಿ. ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮತ್ತೊಂದು. ದೇಹತೂಕದ ಶೇ 5ರಿಂದ 10ರಷ್ಟು ಇಳಿದರೂ ಸಕ್ಕರೆಯ ನಿಯಂತ್ರಣ ಸುಧಾರಿಸುತ್ತದೆ, ಇಳಿದದ್ದನ್ನು ಮತ್ತೆ ಏರಗೊಡದಿರುವುದೂ ಒಂದು ಗಳಿಕೆ. ಕರ್ಮದ ಭಾಷೆಯಲ್ಲಿ ಹೇಳುವುದಾದರೆ ನಿರ್ಜರೆ ನಿಧಾನವಾದಾಗಲೂ ಸಂವರ ನಡೆಯುತ್ತಿರುತ್ತದೆ.

ನಾನು ಹೇಳಿದ ಶ್ರಾವಕಿಯವರು ಆ ಹತ್ತು ವಾರಗಳ ಕೊನೆಗೆ ಪರೀಕ್ಷೆ ಮಾಡಿಸಿದಾಗ 8.4 ಇದ್ದ ಎಚ್‌ಬಿಎ1ಸಿ 7.3ಕ್ಕೆ ಇಳಿದಿತ್ತು. ಮುಳ್ಳು ಇನ್ನೂ ಅಲ್ಲೇ ಇತ್ತು. ವೈದ್ಯರು ಅವರ ನೋಟ್‌ಬುಕ್ ತಿರುವಿ ನೋಡಿ, ಸಂಜೆಯ ಅವಲಕ್ಕಿಯ ಬದಲು ಹುರಿದ ಕಡಲೆ ತಿನ್ನಲು ಹೇಳಿ, ಗುಳಿಗೆಯ ಪ್ರಮಾಣವನ್ನು ತುಸು ತಗ್ಗಿಸಿದರು. ಈ ಪರ್ವದಲ್ಲಿ ಅವರು ಎಂಟು ದಿನದ ಉಪವಾಸದ ಬದಲು, ಹತ್ತೂ ದಿನ ಒಂದೊಂದು ರಸವನ್ನು ಬಿಟ್ಟು, ಹೊತ್ತು ಹೊತ್ತಿಗೆ ಮಿತವಾಗಿ ಉಣ್ಣುವ ನಿಯಮ ತೆಗೆದುಕೊಳ್ಳಲಿದ್ದಾರೆ.