ಬಿಸಿಯೂಟ ನಿಂತರೆ ಗಲಾಟೆ, ಪ್ಯಾಡ್ ನಿಂತರೆ?

ಸರ್ಕಾರಿ ಶಾಲೆಯಲ್ಲಿ ಒಂದು ದಿನ ಬಿಸಿಯೂಟ ತಪ್ಪಲಿ ನೋಡಿ. ಮಧ್ಯಾಹ್ನವೇ ಎಸ್‌ಡಿಎಂಸಿ ಅಧ್ಯಕ್ಷರಿಗೆ ಫೋನು, ಸಂಜೆಯೊಳಗೆ ಬಿಇಒ ಕಚೇರಿಯಿಂದ ವಿಚಾರಣೆ, ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಖಾಲಿ ತಟ್ಟೆ ಹಿಡಿದ ಮಕ್ಕಳ ಫೋಟೊ. ಆಗಬೇಕಾದ್ದೇ. ಅದೇ ಶಾಲೆಯ ಹುಡುಗಿಯರಿಗೆ ಬರಬೇಕಿದ್ದ ಪ್ಯಾಡ್ ವರ್ಷಗಟ್ಟಲೆ ಬಾರದಿದ್ದಾಗ ಊರಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಕೇಳುವುದಕ್ಕೆ ಹೈಕೋರ್ಟಿನ ಮೆಟ್ಟಿಲನ್ನೇ ಹತ್ತಬೇಕಾಯಿತು.

ರಾಜ್ಯದಲ್ಲಿ ‘ಶುಚಿ’ ಯೋಜನೆ ಶುರುವಾದದ್ದು 2013–14ರಲ್ಲಿ. 10ರಿಂದ 19 ವರ್ಷದ ಹುಡುಗಿಯರಿಗೆ ಉಚಿತ ಪ್ಯಾಡ್. ಖರೀದಿ ಆರೋಗ್ಯ ಇಲಾಖೆಯದು, ಹಂಚುವುದು ಶಾಲೆ, ಹಾಸ್ಟೆಲ್‌ಗಳಲ್ಲಿ. ಕೊರೊನಾ ಕಾಲದಲ್ಲಿ ನಿಂತದ್ದು ಶಾಲೆಯ ಬಾಗಿಲು ತೆರೆದ ಮೇಲೂ ಬರಲಿಲ್ಲ. ಮತ್ತೆ ಚಾಲನೆ ಸಿಕ್ಕಿದ್ದು 2024ರಲ್ಲಿ, ಜತೆಗೆ ಮುಟ್ಟಿನ ಕಪ್ಪನ್ನೂ ಸೇರಿಸಿಕೊಂಡು. 2020ರಲ್ಲಿ ಎಂಟನೇ ತರಗತಿಗೆ ಬಂದ ಹುಡುಗಿ ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿಯಾಗಿತ್ತು.

ಮುಟ್ಟು ತಿಂಗಳು ತಿಂಗಳು ಬರುತ್ತದೆ, ಟೆಂಡರ್ ಹಾಗಲ್ಲ. ಬೆಂಗಳೂರಿನಲ್ಲಿ ಒಂದು ಕಡತ ಮೇಜಿನಿಂದ ಮೇಜಿಗೆ ಹೋಗುವುದು ತಡವಾದರೆ ಸಿಂಧನೂರಿನ ಹುಡುಗಿ ಹಳೇ ಸೀರೆಯ ತುಂಡು ಹುಡುಕಬೇಕು. ಕೇಂದ್ರ ಸರ್ಕಾರದ ಜನೌಷಧಿ ಅಂಗಡಿಯಲ್ಲಿ ‘ಸುವಿಧಾ’ ಪ್ಯಾಡ್ ಒಂದಕ್ಕೆ ಒಂದು ರೂಪಾಯಿ. ನೂರು ಹುಡುಗಿಯರಿರುವ ಪ್ರೌಢಶಾಲೆಗೆ ತಲೆಗೆ ಹತ್ತರಂತೆ ಲೆಕ್ಕ ಹಾಕಿದರೂ ತಿಂಗಳಿಗೆ 1,000 ರೂಪಾಯಿ. ಸರಬರಾಜು ತಪ್ಪಿದ ತಿಂಗಳು ಇಷ್ಟನ್ನು ಖರ್ಚು ಮಾಡುವ ಅಧಿಕಾರವನ್ನು ಮುಖ್ಯಶಿಕ್ಷಕರಿಗೆ ಕೊಟ್ಟರೆ ಖಜಾನೆ ಬರಿದಾಗುವುದಿಲ್ಲ.

ಇದನ್ನು ಬರೆಯುವಾಗ ಒಂದು ಎಚ್ಚರಿಕೆಯೂ ಬೇಕು. ಮುಟ್ಟೊಂದರಿಂದಲೇ ಕೋಟಿಗಟ್ಟಲೆ ಹುಡುಗಿಯರು ಶಾಲೆ ಬಿಡುತ್ತಾರೆ ಎಂಬ ಅಂಕಿ ಭಾಷಣಗಳಲ್ಲಿ ಓಡಾಡುತ್ತದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ನೇಪಾಳದ ಚಿತವನದಲ್ಲಿ ಎಮಿಲಿ ಓಸ್ಟರ್ ಮತ್ತು ರೆಬೆಕಾ ಥಾರ್ನ್‌ಟನ್ ಎಂಬ ಅರ್ಥಶಾಸ್ತ್ರಜ್ಞೆಯರು ಕೆಲವು ಹುಡುಗಿಯರಿಗೆ ಮುಟ್ಟಿನ ಕಪ್ ಕೊಟ್ಟು, ಕೆಲವರಿಗೆ ಕೊಡದೆ ಹಾಜರಿ ನೋಡಿದರು. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಹಾಜರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಆಗಲಿಲ್ಲ. ಮುಟ್ಟಿನಿಂದಾಗಿ ಅಲ್ಲಿನ ಹುಡುಗಿಯರು ತಪ್ಪಿಸಿಕೊಳ್ಳುತ್ತಿದ್ದದ್ದು ವರ್ಷಕ್ಕೆ ಅರ್ಧ ದಿನವೂ ಅಲ್ಲ.

ಹಾಗಾದರೆ ಪ್ಯಾಡ್ ದಂಡವೇ? ಹುಡುಗಿ ಶಾಲೆಗೆ ಬಂದಳು ಸರಿ, ಬಂದು ಹೇಗೆ ಕೂತಳು ಎಂಬುದು ಹಾಜರಿ ಪುಸ್ತಕಕ್ಕೆ ಗೊತ್ತಾಗುವುದಿಲ್ಲ. ಬಿಳಿ ಯೂನಿಫಾರ್ಮಿನ ದಿನ. ಬೆಳಿಗ್ಗೆ ಬಸ್ಸಿಗಾಗಿ ಏಳಕ್ಕೇ ಮನೆ ಬಿಟ್ಟಿದ್ದಾಳೆ. ಉತ್ತರ ಬಂದರೂ ಬೋರ್ಡಿನ ಹತ್ತಿರ ಹೋಗಲು ಏಳುವುದಿಲ್ಲ, ಪಿ.ಟಿ. ಪೀರಿಯಡ್ಡಿನಲ್ಲಿ ಹೊಟ್ಟೆನೋವು ಎನ್ನುತ್ತಾಳೆ, ಎದ್ದಾಗಲೆಲ್ಲ ಪಕ್ಕದವಳಿಗೆ ‘ಹಿಂದೆ ನೋಡೇ, ಏನಾದ್ರೂ ಆಗಿದ್ಯಾ’ ಎಂದು ಪಿಸುಗುಡುತ್ತಾಳೆ. ಶೌಚಾಲಯದ ಬೀಗದ ಕೈ ಸ್ಟಾಫ್ ರೂಮಿನಲ್ಲಿ. ಹೋಗಿ ಕೇಳಿ, ಮೇಷ್ಟ್ರುಗಳ ಎದುರು ತೆಗೆದುಕೊಂಡು ಬರಬೇಕು. ಒಳಗೆ ಹೋದರೆ ಚಿಲಕವಿಲ್ಲ. ಒಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ನಲ್ಲಿಯಲ್ಲಿ ನೀರಿಲ್ಲ. ಬದಲಾಯಿಸಿದ್ದನ್ನು ಹಾಕಲು ಮುಚ್ಚಳದ ಡಬ್ಬಿಯಿಲ್ಲ, ಪೇಪರಿನಲ್ಲಿ ಸುತ್ತಿ ಬ್ಯಾಗಿಗೇ ಸೇರಿಸಿಕೊಂಡು ಗಣಿತದ ಕ್ಲಾಸಿಗೆ ಬರಬೇಕು. ಇಷ್ಟೆಲ್ಲ ಯಾಕೆಂದು ಬೆಳಿಗ್ಗೆ ಹಾಕಿಕೊಂಡದ್ದನ್ನೇ ಸಂಜೆವರೆಗೆ ತಡೆದುಕೊಳ್ಳುತ್ತಾಳೆ. ಅಲ್ಲಿಗೆ ಸರ್ಕಾರ ಕೊಟ್ಟ ಪ್ಯಾಡೂ ಅರ್ಧ ವ್ಯರ್ಥ.

ಭಾರತದ ಶಾಲೆಗಳಲ್ಲಿ ಶೌಚಾಲಯ ಕಟ್ಟಿದ ಮೇಲೆ ದಾಖಲಾತಿ ಏನಾಯಿತೆಂದು ಸಂಶೋಧಕಿ ಅಂಜಿನಿ ಅದೂಕಿಯಾ ಲೆಕ್ಕ ತೆಗೆದಿದ್ದಾರೆ (2017). ಚಿಕ್ಕ ಮಕ್ಕಳಿಗೆ ಯಾವ ಶೌಚಾಲಯವಾದರೂ ನಡೆಯುತ್ತದೆ. ದೊಡ್ಡವರಾದ ಹುಡುಗಿಯರ ಸಂಖ್ಯೆ ಹೆಚ್ಚಿದ್ದು ಅವರಿಗೆಂದೇ ಪ್ರತ್ಯೇಕವಾಗಿ ಕಟ್ಟಿದಲ್ಲಿ. ಪ್ಯಾಡ್, ನೀರು, ಚಿಲಕ ಮೂರನ್ನೂ ಒಂದೇ ಖಾತೆಯ ಖರ್ಚೆಂದು ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ. ಈಗ ಒಂದು ಆರೋಗ್ಯ ಇಲಾಖೆಯದು, ಇನ್ನೊಂದು ಪಂಚಾಯಿತಿಯದು, ಚಿಲಕ ಯಾರದೆಂದು ಯಾರಿಗೂ ಗೊತ್ತಿಲ್ಲ.

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದು ದಿನದ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿತು. ಒಳ್ಳೆಯದು. ಹದಿಮೂರರ ಹುಡುಗಿ ಮಾತ್ರ ಕೇಳುತ್ತಿರುವುದು ರಜೆಯನ್ನಲ್ಲ, ನೆಮ್ಮದಿಯಾಗಿ ಕೂರುವಂಥ ಬೆಂಚನ್ನು.

ಎಸ್‌ಡಿಎಂಸಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಎಷ್ಟೋ ಕಡೆ ಅವರು ಸಹಿ ಹಾಕಿ, ಟೀ ಕುಡಿದು ಎದ್ದು ಹೋಗುತ್ತಾರೆ. ಮುಂದಿನ ಸಭೆಯಲ್ಲಿ ಅವರಲ್ಲೊಬ್ಬರು ‘ಪ್ಯಾಡಿನ ಬಾಕ್ಸು ಕೊನೇ ಸಲ ಯಾವಾಗ ಬಂತು ಸಾರ್’ ಎಂದು ಕೇಳಲಿ. ಹೆಡ್‌ಮಾಸ್ಟರು ನೆಲ ನೋಡಬಹುದು. ನೋಡಲಿ, ಉತ್ತರವನ್ನು ಮಾತ್ರ ತಾರೀಖಿನ ಸಮೇತ ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಆಕೆ ಏಳಲಿ.