ಪದದ ವರ್ಗ ವಾಕ್ಯದಲ್ಲಿದೆ

ಗೆರೆ ಎಳೆದ ಪದ ಯಾವ ‘ಪಾರ್ಟ್ ಆಫ್ ಸ್ಪೀಚ್’ ಎಂದು ಕೇಳುವ ಪ್ರಶ್ನೆ ನಮ್ಮ ಶಾಲೆಗಳ ಇಂಗ್ಲಿಷ್ ಪರೀಕ್ಷೆಯಲ್ಲಿ ತಲೆಮಾರುಗಳಿಂದ ಉಳಿದುಬಂದಿದೆ. ನಾಮಪದವನ್ನೂ ಕ್ರಿಯಾಪದವನ್ನೂ ಮಕ್ಕಳು ಹೇಗೋ ಹಿಡಿಯುತ್ತಾರೆ. ತಡವರಿಸುವುದು ಅಡ್ವರ್ಬ್ ಎದುರಾದಾಗ. ಅಲ್ಲಿ ಅವರ ಕೈಲಿರುವುದು ಎರಡೇ ಆಧಾರ: ಕ್ರಿಯಾಪದದ ಅರ್ಥವನ್ನು ವಿಶೇಷಿಸುವ ಪದ ಎಂಬ ವ್ಯಾಖ್ಯೆ, ಕೊನೆಗೆ ‘ಲಿ’ ಇದ್ದರೆ ಅಡ್ವರ್ಬ್ ಎಂಬ ಸುಲಭಸೂತ್ರ. ಎರಡೂ ನಡುದಾರಿಯಲ್ಲಿ ಕೈಬಿಡುತ್ತವೆ. ಇಂಗ್ಲಿಷಿನಲ್ಲಿ ಪದದ ವರ್ಗವನ್ನು ಅದರ ಅರ್ಥದಿಂದಲೋ ಬಾಲದಿಂದಲೋ ಊಹಿಸಲು ಕಲಿಸುವುದನ್ನು ಬಿಟ್ಟು, ವಾಕ್ಯದೊಳಗೆ ಇಟ್ಟು ಪರೀಕ್ಷಿಸಲು ಕಲಿಸಬೇಕೆಂಬುದು ನನ್ನ ವಾದ.

ಮೊದಲು ಆ ‘ಲಿ’. ‘ಫ್ರೆಂಡ್ಲಿ’, ‘ಲೋನ್ಲಿ’, ‘ಅಗ್ಲಿ’, ‘ಸಿಲ್ಲಿ’ ಎಲ್ಲವೂ ಗುಣವಾಚಕಗಳು. ‘ಸೂನ್’, ‘ಆಫನ್’, ‘ವೆಲ್’ ಅಡ್ವರ್ಬ್‌ಗಳಾದರೂ ಅವಕ್ಕೆ ‘ಲಿ’ ಇಲ್ಲ. ‘ಅರ್ಲಿ’, ‘ಡೈಲಿ’ ಎರಡೂ ಕಡೆ ಸಲ್ಲುತ್ತವೆ. ಸೂತ್ರ ಬೇಕೇಬೇಕೆಂದರೆ ಸ್ವಲ್ಪ ಮೇಲಾದದ್ದು ಇದೆ: ‘ಲಿ’ ತೆಗೆದು ನೋಡಿ. ಉಳಿದದ್ದು ‘ಸ್ಲೋ’ದಂತೆ ಗುಣವಾಚಕವಾದರೆ ಇಡೀ ಪದ ಸಾಮಾನ್ಯವಾಗಿ ಅಡ್ವರ್ಬ್, ‘ಫ್ರೆಂಡ್’ನಂತೆ ನಾಮಪದವಾದರೆ ಸಾಮಾನ್ಯವಾಗಿ ಗುಣವಾಚಕ. ಆದರೆ ‘ಲಿ’ ಸೇರಿದಾಗ ಅರ್ಥ ನೇರವಾಗಿ ಮುಂದುವರಿಯುತ್ತದೆಂದೂ ನಂಬುವಂತಿಲ್ಲ. ‘ಹಿ ವರ್ಕ್ಸ್ ಹಾರ್ಡ್’ ಎಂದರೆ ಶ್ರಮಪಟ್ಟು ದುಡಿಯುತ್ತಾನೆ. ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ದುಡಿಯುವುದೇ ಅಪರೂಪ. ಶಿಫಾರಸು ಪತ್ರದಲ್ಲಿ ಈ ಒಂದು ‘ಲಿ’ ಒಬ್ಬರ ಕೆಲಸ ತಪ್ಪಿಸಬಲ್ಲದು.

ವ್ಯಾಖ್ಯೆಯ ಕಥೆ ಇನ್ನೂ ತೊಡಕಿನದು. ಕ್ರಿಯಾಪದವನ್ನು ವಿಶೇಷಿಸುತ್ತದೆ ಎಂದಷ್ಟೇ ಹೇಳಿದರೆ ಸಾಲುವುದಿಲ್ಲ. ಗುಣವಾಚಕವನ್ನೂ ಇನ್ನೊಂದು ಅಡ್ವರ್ಬನ್ನೂ ಸೇರಿಸಬೇಕು. ‘ಫ್ರ್ಯಾಂಕ್ಲಿ, ಹಿ ಲೈಡ್’ ಎಂಬಲ್ಲಿ ಸುಳ್ಳು ಹೇಳಿದ್ದು ಅವನು, ಮುಚ್ಚುಮರೆಯಿಲ್ಲದೆ ಮಾತಾಡುತ್ತಿರುವುದು ನಾನು. ಹಾಗಾಗಿ ಇಡೀ ವಾಕ್ಯವನ್ನೂ ಸೇರಿಸಬೇಕು. ಕೊನೆಗೆ ನಾಮಪದವೊಂದನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲವನ್ನೂ ವಿಶೇಷಿಸುವ ಪದ ಎಂದಂತಾಯಿತು. ಇಷ್ಟು ಹಿಗ್ಗಿದ ಮೇಲೆ ಅದು ಏನನ್ನು ಗುರುತಿಸಿಕೊಡುತ್ತದೆ? ‘ವೆರಿ’ಯನ್ನು ನೋಡಿ. ಅದು ‘ಗುಡ್’ ಮುಂದೆ ಬರುತ್ತದೆ, ‘ಸ್ಲೋಲಿ’ ಮುಂದೆ ಬರುತ್ತದೆ, ಕ್ರಿಯಾಪದಕ್ಕೆ ಮಾತ್ರ ನೇರವಾಗಿ ಅಂಟುವುದಿಲ್ಲ. ‘ಐ ವೆರಿ ಲೈಕ್ ಇಟ್’ ಎಂದು ಬರೆದ ವಿದ್ಯಾರ್ಥಿ ವ್ಯಾಖ್ಯೆಯನ್ನು ನಂಬಿಯೇ ತಪ್ಪಿದ್ದಾನೆ. ‘ನಾಟ್’, ‘ಓನ್ಲಿ’, ‘ಹವೆವರ್’, ‘ಹಿಯರ್’ ಇವನ್ನೆಲ್ಲ ಅದೇ ಖಾನೆಗೆ ಹಾಕಿದ್ದಕ್ಕೆ ಕಾರಣ ಒಂದೇ: ಬೇರೆಲ್ಲೂ ಜಾಗ ಸಿಗಲಿಲ್ಲ.

ಈ ಖಾನೆಗಳಾದರೂ ಇಂಗ್ಲಿಷಿಗಾಗಿ ಹುಟ್ಟಿದವಲ್ಲ. ಗ್ರೀಕ್ ಭಾಷೆಗಾಗಿ ಡಯೊನೀಸಿಯಸ್ ಥ್ರ್ಯಾಕ್ಸ್‌ನ ಹೆಸರಿನಲ್ಲಿ ಉಳಿದಿರುವ ವ್ಯಾಕರಣ ಎಂಟು ವರ್ಗಗಳನ್ನು ಹೇಳಿತು. ಲ್ಯಾಟಿನ್‌ಗೆ ಆರ್ಟಿಕಲ್ ಇರಲಿಲ್ಲ. ರೋಮಿನವರು ಅದನ್ನು ಬಿಟ್ಟರು, ಗ್ರೀಕರು ಅಡ್ವರ್ಬಿನೊಳಗೆ ಇಟ್ಟಿದ್ದ ಉದ್ಗಾರವನ್ನು ಹೊರತೆಗೆದರು, ಎಂಟರ ಲೆಕ್ಕ ಉಳಿಯಿತು. 1586ರಲ್ಲಿ ವಿಲಿಯಂ ಬುಲೊಕರ್ ಮೊದಲ ಇಂಗ್ಲಿಷ್ ವ್ಯಾಕರಣವನ್ನು ಅಚ್ಚುಹಾಕಿಸಿದಾಗ ಅವನ ಮುಂದಿದ್ದ ಮಾದರಿ ವಿಲಿಯಂ ಲಿಲಿಯ ಲ್ಯಾಟಿನ್ ವ್ಯಾಕರಣ. ಆ ಪರಂಪರೆಯಲ್ಲಿ ಗುಣವಾಚಕಕ್ಕೆ ಸ್ವತಂತ್ರ ವರ್ಗವೇ ಇರಲಿಲ್ಲ, ಅದು ನಾಮಪದದ ಒಂದು ಬಗೆ. 1795ರ ಲಿಂಡ್ಲಿ ಮರಿಯ ವ್ಯಾಕರಣದಲ್ಲಿ ವರ್ಗಗಳು ಒಂಬತ್ತು. ನಮ್ಮ ಮನೆಮನೆಗೆ ಬಂದ ರೆನ್ ಮತ್ತು ಮಾರ್ಟಿನ್ ಪುಸ್ತಕದಲ್ಲಿ ಮತ್ತೆ ಎಂಟು. ಕಾಲದಿಂದ ಕಾಲಕ್ಕೆ ಕೂಡಿ ಕಳೆದ ಪಟ್ಟಿಯನ್ನು ಪ್ರಕೃತಿನಿಯಮದಂತೆ ಬಾಯಿಪಾಠ ಮಾಡಿಸುವುದು ಸರಿಯಲ್ಲ.

ಪಟ್ಟಿಗಿಂತ ದೊಡ್ಡ ದೋಷ ಅಳತೆಗೋಲಿನದು. ನಾಮಪದವನ್ನು ಅರ್ಥದಿಂದ ಹೇಳುತ್ತೇವೆ: ವ್ಯಕ್ತಿ, ಸ್ಥಳ, ವಸ್ತುವಿನ ಹೆಸರು. ಗುಣವಾಚಕವನ್ನು ಅದು ಮಾಡುವ ಕೆಲಸದಿಂದ ಹೇಳುತ್ತೇವೆ. ಒಂದೇ ಪಟ್ಟಿಯಲ್ಲಿ ಎರಡು ಮಾನದಂಡ! ಈ ಗೊಂದಲವನ್ನು ಗಂಭೀರವಾಗಿ ಎತ್ತಿದವರಲ್ಲಿ ಅಮೆರಿಕದ ಚಾರ್ಲ್ಸ್ ಫ್ರೀಸ್ ಮುಖ್ಯರು. 1952ರ ತಮ್ಮ ಪುಸ್ತಕಕ್ಕಾಗಿ ಅವರು ಜನ ಟೆಲಿಫೋನಿನಲ್ಲಿ ಆಡಿದ ಮಾತುಗಳ ಧ್ವನಿಮುದ್ರಣವನ್ನು ಆಧರಿಸಿದರು. ಹಳೆಯ ಹೆಸರುಗಳನ್ನೇ ಕೈಬಿಟ್ಟು, ಮಾದರಿ ವಾಕ್ಯದಲ್ಲಿ ಒಂದು ಜಾಗ ಖಾಲಿ ಬಿಟ್ಟು ಅಲ್ಲಿ ಯಾವ ಪದಗಳು ಕೂರುತ್ತವೆಂದು ನೋಡಿದರು. ಸಿಕ್ಕದ್ದು ನಾಲ್ಕು ದೊಡ್ಡ ವರ್ಗ, 15 ಸಣ್ಣ ಗುಂಪು. ಅವರ ಹೆಸರಿಲ್ಲದ ವರ್ಗಗಳು ಶಾಲೆಗಳಲ್ಲಿ ನೆಲೆ ನಿಲ್ಲಲಿಲ್ಲ, ಆದರೆ ಆ ವಿಧಾನ ಈಗಲೂ ಗಟ್ಟಿಯಾಗಿದೆ. ‘ದ ಬ್ಲಿಕ್ಸ್ ಡಾರ್ಪ್ಡ್ ಮಿಗ್ಲಿ’ ಎಂಬ ಅರ್ಥವೇ ಇಲ್ಲದ ವಾಕ್ಯದಲ್ಲೂ ಯಾವುದು ನಾಮಪದ, ಯಾವುದು ಕ್ರಿಯಾಪದ ಎಂದು ನಿಮಗೆ ತಿಳಿಯಿತಲ್ಲ! ಹಾಗೆ ತಿಳಿಸಿದ್ದು ಅರ್ಥವಂತೂ ಅಲ್ಲ.

ತರಗತಿಯಲ್ಲಿ ಇದನ್ನು ಬಳಸುವುದು ಕಷ್ಟವಲ್ಲ. ‘ಶಿ ಲುಕ್ಡ್ ಆಂಗ್ರಿ’ ಮತ್ತು ‘ಶಿ ಲುಕ್ಡ್ ಆಂಗ್ರಿಲಿ ಎಟ್ ಹಿಮ್’ ತೆಗೆದುಕೊಳ್ಳಿ. ‘ಲುಕ್ಡ್’ ಜಾಗದಲ್ಲಿ ‘ವಾಸ್’ ಇಡಿ. ಮೊದಲ ವಾಕ್ಯ ನಿಲ್ಲುತ್ತದೆ, ಎರಡನೆಯದು ಬೀಳುತ್ತದೆ. ಮೊದಲನೆಯದರಲ್ಲಿ ಆ ಪದ ಅವಳ ಸ್ಥಿತಿಯನ್ನು ಹೇಳುತ್ತಿದೆ, ಆದ್ದರಿಂದ ಗುಣವಾಚಕ. ಎರಡನೆಯದರಲ್ಲಿ ನೋಟದ ರೀತಿಯನ್ನು ಹೇಳುತ್ತಿದೆ. ಹೂವು ‘ಸ್ಮೆಲ್ಸ್ ಸ್ವೀಟ್’ ಆಗುವುದೂ ‘ಸ್ವೀಟ್ಲಿ’ ಆಗದಿರುವುದೂ ಇದೇ ಕಾರಣಕ್ಕೆ. ಇನ್ನು ‘ಅಪ್’: ‘ಲುಕ್ಡ್ ಅಪ್ ದ ವರ್ಡ್’ ಎಂಬುದನ್ನು ‘ಲುಕ್ಡ್ ದ ವರ್ಡ್ ಅಪ್’ ಎನ್ನಬಹುದು. ‘ಕ್ಲೈಂಬ್ಡ್ ಅಪ್ ದ ಟ್ರೀ’ಯಲ್ಲಿ ‘ಅಪ್’ ಅನ್ನು ಹಾಗೆ ಹಿಂದಕ್ಕೆ ಕಳಿಸಲಾಗದು. ಅಲ್ಲಿ ಅದು ‘ಟ್ರೀ’ಗೆ ಕಟ್ಟುಬಿದ್ದ ಪ್ರಿಪೊಸಿಷನ್. ಮಗು ಇದನ್ನು ತಾನೇ ಕಂಡುಕೊಂಡರೆ ಮರೆಯುವುದಿಲ್ಲ.

ಎಲ್ಲ ಪರೀಕ್ಷೆಯೂ ಒಂದೇ ಉತ್ತರ ಕೊಡುವುದಿಲ್ಲವೆಂಬುದೂ ನಿಜ. ‘ಹಿ ಕೇಮ್ ಯೆಸ್ಟರ್‌ಡೇ’ ವಾಕ್ಯದ ಕೊನೆಯ ಪದವನ್ನು ನಿಘಂಟುಗಳು ಅಡ್ವರ್ಬ್ ಎನ್ನುತ್ತವೆ. 2002ರಲ್ಲಿ ಕೇಂಬ್ರಿಜ್‌ನಿಂದ ಹಡಲ್ಸ್‌ಟನ್ ಮತ್ತು ಪುಲಮ್ ತಂದ ಬೃಹತ್ ವ್ಯಾಕರಣ ಒಪ್ಪುವುದಿಲ್ಲ. ಅದರ ಪ್ರಕಾರ ಆ ಪದ ನಾಮಪದದ ಬಳಗದ್ದೇ, ಇಲ್ಲಿ ಬೇರೆ ಕೆಲಸಕ್ಕೆ ನಿಂತಿದೆ. ಪದದ ವರ್ಗ ಬೇರೆ, ವಾಕ್ಯದಲ್ಲಿ ಅದರ ಪಾತ್ರ ಬೇರೆ ಎಂಬ ಈ ವಿವೇಕವನ್ನು ನಮ್ಮ ಪಠ್ಯಗಳು ಇನ್ನಾದರೂ ಬರಮಾಡಿಕೊಳ್ಳಬೇಕು. ಪಂಡಿತರಲ್ಲೇ ಭಿನ್ನಮತವಿರುವ ಕಡೆ ಮಗುವಿನ ಉತ್ತರಕ್ಕೆ ಕೆಂಪು ಗೆರೆ ಎಳೆಯುವುದು ಅನ್ಯಾಯ.

ಕನ್ನಡದ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ನಮ್ಮ ಭಾಷೆಯಲ್ಲಿ ಪದದ ಕೆಲಸವನ್ನು ಬಹುಮಟ್ಟಿಗೆ ಪ್ರತ್ಯಯ ಹೇಳುತ್ತದೆ. ‘ಸುಂದರವಾದ’, ‘ಸುಂದರವಾಗಿ’ ಎಂದೊಡನೆ ಎರಡೂ ಬೇರೆಯಾದವು. ‘ರಾಮ ನಿಧಾನವಾಗಿ ಬಂದ’ ಎಂದರೂ ‘ನಿಧಾನವಾಗಿ ರಾಮ ಬಂದ’ ಎಂದರೂ ಕೆಲಸ ಕೆಡದು. ಹೀಗೆ ಬೆಳೆದ ಕಿವಿ ಇಂಗ್ಲಿಷಿನಲ್ಲೂ ಬಾಲ ಹುಡುಕುವುದು ಸಹಜ. ಆದರೆ ‘ರೌಂಡ್’ ಎಂಬ ಒಂದೇ ರೂಪ ಅಲ್ಲಿ ನಾಮಪದ, ಗುಣವಾಚಕ, ಕ್ರಿಯಾಪದ, ಅಡ್ವರ್ಬ್, ಪ್ರಿಪೊಸಿಷನ್ ಎಲ್ಲವೂ ಆಗಬಲ್ಲದು, ಒಂದಕ್ಷರವೂ ಬದಲಾಗದೆ. ಇಂಗ್ಲಿಷ್ ಜಾಗವನ್ನು ನಂಬುವ ಭಾಷೆ ಎಂದು ಮೊದಲ ದಿನವೇ ಹೇಳಿಬಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಅಂದಹಾಗೆ, ಕೇಶಿರಾಜನ ಶಬ್ದಮಣಿದರ್ಪಣದಲ್ಲೂ ಅವ್ಯಯಕ್ಕೆ ಪ್ರತ್ಯೇಕ ಪ್ರಕರಣವಿದೆ. ಅವ್ಯಯವೂ ಬಗೆಬಗೆಯ ಪದಗಳ ರಾಶಿಯೇ, ಆದರೆ ರೂಪ ಬದಲಾಗದ್ದು ಎಂಬ ಒಂದೇ ಅಳತೆಗೆ ಅದು ಬದ್ಧ. ಅಡ್ವರ್ಬಿನ ಶಾಲಾ ವ್ಯಾಖ್ಯೆಗೆ ಆ ಶಿಸ್ತೂ ಇಲ್ಲ.

ಆದ್ದರಿಂದ ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಲ್ಲಿ ಒಂದು ಕೋರಿಕೆ. ಬಿಡಿ ಪದ ಕೊಟ್ಟು ವರ್ಗ ಕೇಳಬೇಡಿ. ಒಂದೇ ಪದ ಬೇರೆ ಬೇರೆ ಕೆಲಸ ಮಾಡುವ ಎರಡು ವಾಕ್ಯ ಕೊಡಿ, ವ್ಯತ್ಯಾಸವನ್ನು ತೋರಿಸಿಕೊಡಲು ಹೇಳಿ. ವರ್ಗದ ಹೆಸರಿಗೆ ಒಂದು ಅಂಕ ಇರಲಿ, ಅದಕ್ಕೆ ಮಗು ಕೊಡುವ ಕಾರಣಕ್ಕೆ ಎರಡು ಅಂಕ ಇಡಿ.